ಆಗಮನಕಾಲದ ವ್ರತವೂ ಹೊಸಬರ ಅಧಿಕಾರವೂ

೨೦೨೫ರ ಕಾರ್ತಿಕಮಾಸದಲ್ಲಿ ನನ್ನ ಹಳೆಯ ಶಿಷ್ಯರೊಬ್ಬರು ಮಾನ್ವಿಯಿಂದ ರಾಯಚೂರಿಗೆ ಬಂದವರು ನಮ್ಮ ಮನೆಗೂ ಬಂದಿದ್ದರು. ಇವರು ಕನ್ನಡದ ಉಪಾಧ್ಯಾಯರು. ಕೆಲವು ಕಾಲದಿಂದ ಕ್ಯಾಥೋಲಿಕ್ ಧರ್ಮಸಭೆಯ ಬೋಧನೆಯನ್ನು ಕೇಳುತ್ತಿರುವರು. ದೀಕ್ಷಾಸ್ನಾನವು ಇನ್ನೂ ಆಗಿಲ್ಲ. ಆ ಮಾತು ಈ ಮಾತು ಆದಮೇಲೆ ಅವರು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಬರೆಯುತ್ತೇನೆ: "ಗುರುಗಳೇ, ಕ್ರಿಸ್ಮಸ್ಸಿಗೆ ಮೊದಲು ನಾಲ್ಕು ವಾರ ಕಾಯೂದು ಅಂತಾರ್ರಿ. ಉಪವಾಸ ಹೇಳಿಲ್ಲ, ಜಾಗರಣಿ ಹೇಳಿಲ್ಲ. ಬರೇ ಕಾಯೂದು ಅಂದ್ರ ಏನು ಮಾಡಬೇಕ್ರಿ? ಮತ್ತ, ಇನ್ನೂ ತಲಿಮ್ಯಾಲೆ ನೀರು ಬೀಳದ ನನಗ ಅದರ ಅಧಿಕಾರ ಐತೇನ್ರಿ?"

ಮೊದಲನೆಯ ಪ್ರಶ್ನೆಗೆ ಅವರ ಗುರುಗಳೇ ಉತ್ತರ ಹೇಳತಕ್ಕವರು. ಎರಡನೆಯದು ನನ್ನನ್ನು ಸುಮ್ಮನೆ ಕೂಡಗೊಡಲಿಲ್ಲ. 'ಅಧಿಕಾರ'ವೆಂಬ ಶಬ್ದವನ್ನು ಅವರು ನನ್ನ ಪಾಠದಿಂದಲೇ ಕಲಿತಿದ್ದರು. ಯಾವ ಕರ್ಮಕ್ಕೆ ಯಾರು ಅಧಿಕಾರಿ ಎಂಬುದು ಮೀಮಾಂಸಕರ ಮೊದಲ ವಿಚಾರಗಳಲ್ಲಿ ಒಂದು. ವ್ರತಗಳಲ್ಲಿ ನಾಲ್ಕು ವರ್ಣದವರಿಗೂ ಸ್ತ್ರೀಯರಿಗೂ ಅಧಿಕಾರವುಂಟೆಂಬುದು ನಿಬಂಧಕಾರರ ಮತ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯು ತನ್ನ ಚತುರ್ವರ್ಗ ಚಿಂತಾಮಣಿಯಲ್ಲಿ ವ್ರತಖಂಡವೆಂಬ ಒಂದು ಮಹಾಭಾಗವನ್ನೇ ಇದಕ್ಕೆ ಮೀಸಲಿಟ್ಟಿರುವನು. ಆದರೆ ಗ್ರಂಥದಲ್ಲಿದ್ದುದೆಲ್ಲವೂ ಓಣಿಯಲ್ಲಿರಲಿಲ್ಲ. ನಾನು ಓದಿದ ಪಾಠಶಾಲೆಯ ಪಂಕ್ತಿಯಲ್ಲಿ ಈ ಶಿಷ್ಯರ ಕೇರಿಯ ಹುಡುಗನೊಬ್ಬನೂ ಇರಲಿಲ್ಲ. ಅವರ ಹಿರಿಯರು ಹರಿಕಥೆಯನ್ನು ಗೋಡೆಯ ಆಚೆಯಿಂದ ಕೇಳಿದವರು. ಈ ಸೀಮೆಯಾದರೋ ದಾಸರ ಸೀಮೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರದು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿಯಲ್ಲಿಯೇ ನೆಲೆಸಿದ್ದವರು. ಏಕಾದಶಿಯ ಉಪವಾಸ, ದ್ವಾದಶಿಯ ಪಾರಣೆ, ಚಾತುರ್ಮಾಸ್ಯದ ಶಾಕವ್ರತ, ಕ್ಷೀರವ್ರತಗಳ ಲೆಕ್ಕವು ಇಲ್ಲಿ ಮನೆಮನೆಯ ಮಾತು. ಹೀಗಿರಲು 'ನನಗೆ ಅಧಿಕಾರವುಂಟೆ' ಎಂಬ ಪ್ರಶ್ನೆಯು ಬರಿಯ ಕುತೂಹಲದಿಂದ ಹುಟ್ಟಿದುದಲ್ಲವೆಂದು ನನಗೆ ತಿಳಿಯದೆ ಇರಲಿಲ್ಲ. ಆದಕಾರಣ ಈ ವ್ರತದ ಇತಿಹಾಸವನ್ನು ಸಾಧ್ಯವಿದ್ದಮಟ್ಟಿಗೆ ಶೋಧಿಸಿ ನೋಡಿದೆನು. ಕಂಡುದನ್ನು ವಿದ್ವಜ್ಜನರ ಮುಂದಿಡುತ್ತೇನೆ.

ಮೊದಲು ಶಬ್ದದ ವಿಚಾರ. ಕನ್ನಡ ಕ್ಯಾಥೋಲಿಕರು ಈ ಋತುವನ್ನು 'ಆಗಮನ ಕಾಲ' ಎನ್ನುವರು. ಲ್ಯಾಟಿನಿನ 'ಆದ್ವೆಂತುಸ್' ಎಂಬುದರ ಅನುವಾದವಿದು. ಲ್ಯಾಟಿನ್ ಶಬ್ದದಲ್ಲಿ 'ಆದ್' ಎಂಬುದು ಉಪಸರ್ಗ, ಕಡೆಗೆ ಎಂದರ್ಥ. 'ವೆನಿರೆ' ಎಂಬುದು ಬರು ಎಂಬರ್ಥದ ಧಾತು. ಭಾಷಾಶಾಸ್ತ್ರಜ್ಞರ ಮತದಂತೆ ಈ ಧಾತುವೂ ನಮ್ಮ 'ಗಮ್' ಧಾತುವೂ ಒಂದೇ ಮೂಲದವು. ಉಪಸರ್ಗಗಳು ಮಾತ್ರ ಬೇರೆ ಬೇರೆ, ಕೆಲಸ ಒಂದೇ. ಅನುವಾದಕರು ಅರ್ಥವನ್ನು ನೋಡಿ ಆರಿಸಿದ ಶಬ್ದವು ಕುಲದಿಂದಲೂ ಜ್ಞಾತಿಯಾಗಿ ಪರಿಣಮಿಸಿರುವುದು ಸೋಜಿಗದ ಸಂಗತಿ. ಆದರೆ ಲ್ಯಾಟಿನ್ ಶಬ್ದದ ಹಿಂದಿರುವ ಗಾಂಭೀರ್ಯವು 'ಆಗಮನ'ದಲ್ಲಿ ಪೂರ್ತಿಯಾಗಿ ಇಳಿದಿಲ್ಲ. ರೋಮಿನಲ್ಲಿ ಆದ್ವೆಂತುಸ್ ಎಂಬುದು ಚಕ್ರವರ್ತಿಯು ಪಟ್ಟಣಕ್ಕೆ ಚಿತ್ತೈಸುವ ಉತ್ಸವದ ಹೆಸರು. ಪುರಜನರು ಎದುರುಗೊಳ್ಳುವರು, ಬೀದಿಗಳು ಸಿಂಗಾರಗೊಳ್ಳುವುವು, ನಾಣ್ಯಗಳಲ್ಲಿಯೂ ಆ ಶಬ್ದವನ್ನು ಒತ್ತುವರು. ಹಳಗನ್ನಡದಲ್ಲಿ ಇದಕ್ಕೆ ಸರಿಯಾದ ಮಾತು 'ಬಿಜಯಂಗೆಯ್' ಎಂಬುದು. ಮೊದಲು ಅರಸರಿಗೂ ಆಮೇಲೆ ದೇವರಿಗೂ ಸಂದ ಈ ಮಾತು ಈಗ ಪುಸ್ತಕದಲ್ಲಿ ಮಾತ್ರ ಉಳಿದಿರುವುದರಿಂದ ಅನುವಾದಕರನ್ನು ದೂರುವಂತಿಲ್ಲ. 'ಬರವು' ಎಂಬ ಅಚ್ಚಗನ್ನಡವಾದರೆ ವಿರಹದ ಹಾಡುಗಳಿಂದ ನಮಗೆ ಪರಿಚಿತವಾದುದೇ. ಆದರೆ 'ಬರ' ಎಂದರೆ ಕ್ಷಾಮವೆಂದೇ ಮೊದಲು ನೆನೆಯುವ ನಮ್ಮ ಸೀಮೆಯಲ್ಲಿ ಆ ಶಬ್ದಕ್ಕೆ ಕೊಂಚ ಅಪಾಯವುಂಟು.

ಇನ್ನು ಕಾಲನಿರ್ಣಯ. ಇದು ಸೌರಗಣನೆಯ ವ್ರತ. ಚಂದ್ರನ ಸಂಬಂಧ ಇದಕ್ಕಿಲ್ಲ. ನವೆಂಬರ್ ೩೦ಕ್ಕೆ ಅತಿ ಸಮೀಪದ ಭಾನುವಾರದಲ್ಲಿ ಆರಂಭ. ಆದ್ದರಿಂದ ನವೆಂಬರ್ ೨೭ಕ್ಕಿಂತ ಮುಂಚೆಯಾಗಲಿ ಡಿಸೆಂಬರ್ ೩ಕ್ಕಿಂತ ಆಮೇಲಾಗಲಿ ಆರಂಭವಾಗುವಂತಿಲ್ಲ. ಭಾನುವಾರಗಳು ನಾಲ್ಕೇ, ದಿನಗಳು ೨೨ರಿಂದ ೨೮ರವರೆಗೆ ಏರಿಳಿಯುವುವು. ೨೦೨೫ರಲ್ಲಿ ನವೆಂಬರ್ ೩೦ರಂದೇ ಭಾನುವಾರ ಬಿದ್ದುದರಿಂದ ೨೫ ದಿನಗಳಾದುವು. ಪಾಶ್ಚಾತ್ಯ ಧರ್ಮಸಭೆಯ ವರ್ಷವು ಈ ಮೊದಲ ಭಾನುವಾರದಿಂದಲೇ ಪ್ರಾರಂಭವಾಗುತ್ತದೆ. ಯುಗಾದಿಯನ್ನು ಬೇವುಬೆಲ್ಲದಿಂದ ಆಚರಿಸುವ ನಮಗೆ, ವರ್ಷವು ಕಾಯುವುದರಿಂದ ಮೊದಲಾಗುವುದು ವಿಚಿತ್ರವಾಗಿ ತೋರಬಹುದು.

ಈಗ ಮುಖ್ಯವಾದ ಇತಿಹಾಸಕ್ಕೆ ಬರುತ್ತೇನೆ. ಕ್ರಿಸ್ತಜಯಂತಿಯನ್ನು ರೋಮಿನಲ್ಲಿ ಡಿಸೆಂಬರ್ ೨೫ರಂದು ಆಚರಿಸುತ್ತಿದ್ದುದಕ್ಕೆ ಕ್ರಿ. ಶ. ೩೩೬ರಷ್ಟು ಹಿಂದಿನ ಆಧಾರವುಂಟು. ಆದರೆ ಅದಕ್ಕೆ ಮುನ್ನ ಕಾಯುವ ಕಾಲವು ಹುಟ್ಟಿದುದು ರೋಮಿನಲ್ಲಲ್ಲ. ಸ್ಪೇನಿನಲ್ಲಿ ಮತ್ತು ಇಂದಿನ ಫ್ರಾನ್ಸಾದ ಗಾಲ್ ದೇಶದಲ್ಲಿ. ಕ್ರಿ. ಶ. ೩೮೦ರಲ್ಲಿ ಸ್ಪೇನಿನ ಸಾರಗೋಸದಲ್ಲಿ ಸೇರಿದ ಧರ್ಮಪರಿಷತ್ತು ಒಂದು ಕಟ್ಟಳೆಯನ್ನು ಮಾಡಿತು. ಡಿಸೆಂಬರ್ ೧೭ರಿಂದ ಜನವರಿ ೬ರವರೆಗೆ, ಅಂದರೆ ೨೧ ದಿನ, ಯಾರೂ ದೇವಾಲಯವನ್ನು ತಪ್ಪಿಸಕೂಡದು, ಮನೆಯಲ್ಲಿ ಅಡಗಿರಕೂಡದು, ತೋಟದ ಮನೆಯಲ್ಲಿ ಉಳಿಯಕೂಡದು, ಬೆಟ್ಟಗಳನ್ನು ಅರಸಿ ಹೋಗಕೂಡದು, ಬರಿಗಾಲಿನಲ್ಲಿ ನಡೆಯಕೂಡದು, ಎಲ್ಲರೂ ದೇವಾಲಯದಲ್ಲಿ ಕೂಡಬೇಕು. ಇದರ ತಾತ್ಪರ್ಯವಿಷ್ಟು. ಬರಿಗಾಲಿನ ನಿಷೇಧವನ್ನು ಓದಿ ನನ್ನ ಶಿಷ್ಯರು ನಕ್ಕರು. ನಮ್ಮಲ್ಲಿ ಬರಿಗಾಲೇ ವ್ರತದ ಮೊದಲ ಲಕ್ಷಣವಷ್ಟೆ. ಆ ಕಾಲದಲ್ಲಿ ಪ್ರಿಸ್ಕಿಲ್ಲಿಯನ್ ಎಂಬವನ ಅನುಯಾಯಿಗಳು ಗುಟ್ಟಾಗಿ ಉಗ್ರತಪಸ್ಸನ್ನು ಆಚರಿಸುತ್ತಿದ್ದರೆಂಬ ಶಂಕೆಯಿಂದ ಈ ಕಟ್ಟಳೆ ಹುಟ್ಟಿತೆಂದು ವಿದ್ವಾಂಸರು ಊಹಿಸುವರು. ಒಂಟಿಯಾಗಿ ತಪಿಸುವುದಕ್ಕಿಂತ ಕೂಡಿ ಕಾಯುವುದು ಮೇಲೆಂಬ ಭಾವವು ಇದರಲ್ಲಿ ಅಡಗಿದೆ.

ವಾಚಕರು ಆ ೨೧ ದಿನಗಳ ಕೊನೆಯನ್ನು ಗಮನಿಸಬೇಕು. ಡಿಸೆಂಬರ್ ೨೫ರ ಹೆಸರೇ ಆ ಕಟ್ಟಳೆಯಲ್ಲಿ ಇಲ್ಲ. ಜನವರಿ ೬ ಇದೆ. ಅದು ಪ್ರಭುವಿನ ಪ್ರಕಟನೆಯ ಹಬ್ಬ. ಯೋರ್ದಾನ್ ನದಿಯಲ್ಲಾದ ಸ್ನಾನದ ಸ್ಮರಣೆಯೂ ಅದರೊಡನೆ ಬಹುಕಾಲದಿಂದ ಸೇರಿಕೊಂಡಿದ್ದಿತು. ಪೂರ್ವದೇಶಗಳಲ್ಲಿ ಆ ದಿನ ಹೊಸಬರಿಗೆ ದೀಕ್ಷಾಸ್ನಾನ ಕೊಡುವ ರೂಢಿಯುಂಟು. ಸ್ಪೇನಿನಲ್ಲಿಯೂ ಅದು ಇದ್ದಿತೆಂಬುದಕ್ಕೆ ಒಂದು ಬಲವಾದ ಸಾಕ್ಷ್ಯವು ದೊರೆಯುತ್ತದೆ. ಸಾರಗೋಸದ ಪರಿಷತ್ತಾಗಿ ಐದೇ ವರ್ಷಕ್ಕೆ, ಕ್ರಿ. ಶ. ೩೮೫ರಲ್ಲಿ, ರೋಮಿನ ಪೋಪ್ ಸಿರೀಷಿಯಸನು ಸ್ಪೇನಿನ ತಾರಗೋನದ ಧರ್ಮಾಧ್ಯಕ್ಷ ಹಿಮೇರಿಯಸನಿಗೆ ಒಂದು ಪತ್ರವನ್ನು ಬರೆದನು. ನಿಮ್ಮ ಕಡೆಯಲ್ಲಿ ಕ್ರಿಸ್ತಜಯಂತಿಯಂದೂ ಪ್ರಕಟನೆಯ ಹಬ್ಬದಂದೂ ಲೆಕ್ಕವಿಲ್ಲದಷ್ಟು ಜನಕ್ಕೆ ಸ್ನಾನ ಕೊಡುತ್ತಿರುವುದು ಸರಿಯಲ್ಲ. ಈಸ್ಟರಿನಲ್ಲಿ ಮತ್ತು ಅದರ ಐವತ್ತನೆಯ ದಿನದಲ್ಲಿ ಮಾತ್ರ ಕೊಡಬೇಕು. ಅದೂ ನಲವತ್ತು ಅಥವಾ ಹೆಚ್ಚು ದಿನ ಮುಂಚಿತವಾಗಿ ಹೆಸರು ಕೊಟ್ಟವರಿಗೆ ಎಂಬುದು ಅದರ ಸಾರಾಂಶ. ನಿಷೇಧವು ಪ್ರಾಪ್ತಿಪೂರ್ವಕವೆಂಬುದು ನಮ್ಮ ಶಾಸ್ತ್ರಕಾರರ ನ್ಯಾಯ. ಇಲ್ಲದುದನ್ನು ಯಾರೂ ನಿಷೇಧಿಸುವುದಿಲ್ಲ. ಆದ್ದರಿಂದ ಚಳಿಗಾಲದ ಹಬ್ಬಗಳಲ್ಲಿ ಹೊಸಬರು ಗುಂಪುಗುಂಪಾಗಿ ದೀಕ್ಷೆ ಹೊಂದುತ್ತಿದ್ದರೆಂಬುದು ಸಿದ್ಧ. ದೀಕ್ಷೆಯಿದ್ದಲ್ಲಿ ಪೂರ್ವಸಿದ್ಧತೆಯೂ ಇರಲೇಬೇಕು.

ಹೀಗೆ ಆಗಮನಕಾಲದ ಬೀಜವು ದೀಕ್ಷಾರ್ಥಿಗಳ ಸಿದ್ಧತೆಯಲ್ಲಿಯೇ ಇದ್ದಿತೆಂದು ಹಲವರು ವಿದ್ವಾಂಸರು ಹೇಳಿರುವರು. ಸಾಕ್ಷ್ಯ ಅಲ್ಪವೆಂದು ಒಪ್ಪದವರೂ ಉಂಟು; ಸಾರಗೋಸದ ಕಟ್ಟಳೆಯಲ್ಲಿ ದೀಕ್ಷೆಯ ಮಾತಿಲ್ಲವೆಂಬುದು ಅವರ ಮುಖ್ಯ ಆಕ್ಷೇಪ. ಆಕ್ಷೇಪವು ನ್ಯಾಯವಾದುದೇ. ಆದರೂ ಒಂದೇ ದೇಶ, ಐದೇ ವರ್ಷಗಳ ಅಂತರ, ಒಂದೇ ಹಬ್ಬ. ಈ ಮೂರನ್ನೂ ಕೂಡಿಸಿ ನೋಡುವಾಗ ನನಗೆ ಮೊದಲ ಪಕ್ಷವೇ ಬಲವತ್ತರವಾಗಿ ತೋರುತ್ತದೆ. ಇದು ನಿಜವಾದಲ್ಲಿ ನನ್ನ ಶಿಷ್ಯರ ಪ್ರಶ್ನೆಯು ತಲೆಕೆಳಗಾಗುತ್ತದೆ. ಹೊಸಬರು ಹಳಬರ ವ್ರತದೊಳಕ್ಕೆ ಸಂಕೋಚದಿಂದ ಕಾಲಿಡುವುದಲ್ಲ. ಹೊಸಬರ ವ್ರತದಲ್ಲಿ ಹಳಬರು ವರ್ಷವರ್ಷವೂ ಪಾಲುಗೊಳ್ಳುವುದು. ಇದನ್ನು ಅವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಐದನೆಯ ಶತಮಾನದ ಕೊನೆಯಲ್ಲಿ ಗಾಲ್ ದೇಶದ ತೂರ್ ಪಟ್ಟಣದ ಧರ್ಮಾಧ್ಯಕ್ಷ ಪೆರ್ಪೆತೂಸನು ಸಂತ ಮಾರ್ಟಿನನ ಹಬ್ಬವಾದ ನವೆಂಬರ್ ೧೧ರಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನದ ಉಪವಾಸವನ್ನು ವಿಧಿಸಿದನು. ಆರನೆಯ ಶತಮಾನದ ಕೊನೆಯಲ್ಲಿ ಮಾಕೋನ್ ಪರಿಷತ್ತು ಆ ಮೂರು ದಿನಗಳನ್ನು ಸೋಮವಾರ, ಬುಧವಾರ, ಶುಕ್ರವಾರವೆಂದು ಗೊತ್ತುಮಾಡಿತು. ರೋಮಿನಲ್ಲಿ ಈ ಕಾಲಕ್ಕೆ ಉಪವಾಸಕ್ಕಿಂತ ಪ್ರಾರ್ಥನೆಯೇ ಪ್ರಧಾನವಾಯಿತು. ಭಾನುವಾರಗಳು ನಾಲ್ಕಕ್ಕೆ ಇಳಿದುದನ್ನು ಪೋಪ್ ಮಹಾಗ್ರೆಗೊರಿಯ (೫೯೦–೬೦೪) ಹೆಸರಿನೊಡನೆ ಸೇರಿಸುವರು. ಮಿಲಾನಿನಲ್ಲಿ ಮಾತ್ರ ಇಂದಿಗೂ ಆರು ಭಾನುವಾರಗಳಿವೆ. ಗಾಲ್ ದೇಶದ ತಪಸ್ಸೂ ರೋಮಿನ ಉಲ್ಲಾಸವೂ ಕಲೆತು ಇಂದಿನ ರೂಪ ಬಂದಿತು. ನೇರಿಳೆ ಬಣ್ಣದ ಪೂಜಾವಸ್ತ್ರವುಂಟು, ಮಹಿಮಾಗೀತವಿಲ್ಲ. ಆದರೆ ಅಲ್ಲೆಲೂಯ ಘೋಷವು ನಿಲ್ಲುವುದಿಲ್ಲ. ಮೂರನೆಯ ಭಾನುವಾರ ಗುಲಾಬಿಯ ಬಣ್ಣ. ೧೯೬೯ರ ಹೊಸ ಪಂಚಾಂಗವು ಇದನ್ನು ಭಕ್ತಿಪೂರ್ವಕವಾದ ಸಂತೋಷದ ನಿರೀಕ್ಷೆಯ ಕಾಲವೆಂದು ನಿರ್ಣಯಿಸಿತು. ಆರನೆಯ ಪೌಲರ ಹೊಸ ಪೂಜಾಗ್ರಂಥವು ಜಾರಿಗೆ ಬಂದುದೂ ಆಗಮನಕಾಲದ ಮೊದಲ ಭಾನುವಾರವಾದ ೧೯೬೯ರ ನವೆಂಬರ್ ೩೦ರಂದೇ. 'ಉಪವಾಸ ಹೇಳಿಲ್ಲ' ಎಂಬ ನನ್ನ ಶಿಷ್ಯರ ಮಾತಿಗೆ ಇದೇ ಸಮಾಧಾನ: ಹಿಂದೆ ಹೇಳಿದ್ದರು, ಈಗ ಬಿಟ್ಟಿದ್ದಾರೆ. ಪೌರಸ್ತ್ಯ ಕ್ರೈಸ್ತರಲ್ಲಿ ಮಾತ್ರ ಜಯಂತಿಯ ಪೂರ್ವದ ನಲವತ್ತು ದಿನದ ಉಪವಾಸವು ಈಗಲೂ ನಡೆದಿದೆ.

ಹೊಸಬರನ್ನು ಪ್ರಾಚೀನರು ಏನೆಂದು ಕರೆಯುತ್ತಿದ್ದರೆಂಬುದೂ ಇಲ್ಲಿ ಗಮನಾರ್ಹ. ಗ್ರೀಕಿನ 'ಕಾತೆಖೂಮೆನೋಸ್' ಎಂಬುದಕ್ಕೆ ಕಿವಿಯಲ್ಲಿ ಧ್ವನಿಗೊಳಿಸಿ ಕಲಿಸಲ್ಪಡುವವನು ಎಂಬ ಭಾವ. ಲ್ಯಾಟಿನಿನಲ್ಲಿ 'ಆಉದಿಯೆಂತೆಸ್', ಎಂದರೆ ಕೇಳುವವರು. ಹೆಸರು ಕೊಟ್ಟಮೇಲೆ 'ಕೊಂಪೆತೆಂತೆಸ್', ಎಂದರೆ ಕೂಡಿ ಬೇಡುವವರು. ಶ್ರವಣ ಮನನ ನಿದಿಧ್ಯಾಸನಗಳಲ್ಲಿ ಮೊದಲನೆಯ ಮೆಟ್ಟಿಲೇ ಅವರ ಹೆಸರಾಯಿತು. ಇವರು ವಾಚನ ಪ್ರವಚನಗಳನ್ನು ಕೇಳಿ, ಬಲಿಯರ್ಪಣೆಗೆ ಮೊದಲು ಹೊರಗೆ ಹೋಗಬೇಕಾಗಿದ್ದಿತು. ಗೋಡೆಯ ಹೊರಗೆ ನಿಂತು ಕೇಳಿದವರ ವಂಶದ ನನ್ನ ಶಿಷ್ಯರಿಗೆ ಈ ಸಂಗತಿ ಸಹಜವಾಗಿಯೇ ಕಸಿವಿಸಿಯನ್ನು ಉಂಟುಮಾಡಿತು. ಆದರೆ ಭೇದವೊಂದುಂಟು, ಆ ಬಾಗಿಲು ಅವಧಿಯುಳ್ಳದ್ದು, ಒಂದು ರಾತ್ರಿ ತೆರೆಯುವಂಥದು. ಮಧ್ಯಯುಗದಲ್ಲಿ ಅಳಿದುಹೋಗಿದ್ದ ಈ ಕ್ರಮವನ್ನು ಎರಡನೆಯ ವ್ಯಾಟಿಕನ್ ಪರಿಷತ್ತಿನ (೧೯೬೨–೬೫) ತರುವಾಯ ಮತ್ತೆ ಎತ್ತಿ ನಿಲ್ಲಿಸಿದರು. ವಯಸ್ಕರ ದೀಕ್ಷಾವಿಧಿಯು ೧೯೭೨ರ ಜನವರಿ ೬ರಂದು ಪ್ರಕಟವಾಯಿತು. ಸಾರಗೋಸದವರ ಕೊನೆಯ ದಿನವೂ ಇದೇ ಆಗಿದ್ದಿತಷ್ಟೆ! ದೀಕ್ಷೆಯು ಮಾತ್ರ ಸಿರೀಷಿಯಸನ ಮತದಂತೆ ಈಸ್ಟರಿನ ಜಾಗರಣೆಯ ರಾತ್ರಿಗೇ ನಿಂತಿದೆ. ಆದ್ದರಿಂದ ಇಂದಿನ ಹೊಸಬನು ಕ್ರಿಸ್ತಜಯಂತಿಯನ್ನು ಕಾದು ಮುಗಿಸಿದ ಮೇಲೆಯೂ ಕಾಯುತ್ತಲೇ ಇರುವನು.

ನಮ್ಮ ಸೀಮೆಗೂ ಕ್ಯಾಥೋಲಿಕ್ ಮತಕ್ಕೂ ಇರುವ ಸಂಬಂಧ ನಿನ್ನೆಯದಲ್ಲ. ೧೫೨೦ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೋವಾವ್ ದ ಫಿಗೈರೇದೋ ಎಂಬ ಪೋರ್ಚುಗೀಸನು ತನ್ನ ಕೋವಿಕಾರರೊಡನೆ ಕೃಷ್ಣದೇವರಾಯನ ಪಕ್ಷದಲ್ಲಿ ಹೋರಾಡಿದನೆಂದು ನೂನಿಜನು ಬರೆದಿರುವನು. ಅವರು ವ್ರತಕ್ಕಾಗಿ ಬಂದವರಲ್ಲವೆನ್ನಿ. ನೂನಿಜನು ನಮ್ಮೂರನ್ನು 'ರಾಚೋಲ್' ಎಂದು ಕರೆಯುವನು; ಗೋವೆಯಲ್ಲಿ ಅದೇ ಹೆಸರಿನ ಕೋಟೆಯೊಂದು ಇರುವುದರಿಂದ ಚರಿತ್ರಕಾರರಿಗೆ ತೊಡಕಾದುದುಂಟು. ಆ ಗೋವೆಯ ರಾಚೋಲಿನಲ್ಲಿಯೇ ೧೬೧೬ರಲ್ಲಿ ಥಾಮಸ್ ಸ್ಟೀಫನ್ಸನ ಕ್ರಿಸ್ತಪುರಾಣವು ಅಚ್ಚಾಯಿತು. ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ ರಚಿತವಾದ ಈ ಗ್ರಂಥದ ಪ್ರೇರಣೆಯೂ ಹೊಸಬರೇ. ಹಳೆಯ ಪುರಾಣಗಳನ್ನು ತೊರೆದವರಿಗೆ ಓದಿ ಕೇಳುವುದಕ್ಕೆ ತಮ್ಮದೊಂದು ಪುರಾಣ ಬೇಕಾಗಿದ್ದಿತು. ೯೫ ಅಧ್ಯಾಯಗಳಲ್ಲಿ ಮೊದಲ ೩೬ ಅಧ್ಯಾಯಗಳು ರಕ್ಷಕನು ಬರುವುದಕ್ಕೆ ಹಿಂದಿನ ಕಥೆ. ಗ್ರಂಥದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಭಾಗ ಬರಿಯ ನಿರೀಕ್ಷೆ. ಇದನ್ನು ಪದ್ಯರೂಪದ ಆಗಮನಕಾಲವೆಂದು ಕರೆದರೆ ತಪ್ಪಾಗಲಾರದು. ಇನ್ನು ನಮ್ಮ ಜಿಲ್ಲೆಯ ಮುದಗಲ್ಲಿನ ಕನ್ನಡ ಕ್ಯಾಥೋಲಿಕ್ ಸಮುದಾಯವು ಆದಿಲ್‌ಶಾಹಿಗಳ ಕಾಲದಿಂದ ನೆಲೆಸಿದ್ದೆಂಬುದು ಪ್ರಸಿದ್ಧವಾಗಿದೆ. ಮಾನ್ವಿಯಲ್ಲಿ ಜೆಸ್ಯೂಟರ ಕೆಲಸವು ಈ ಶತಮಾನದ್ದು. ಈಗ ರಾಯಚೂರು ಜಿಲ್ಲೆಯು ಬಳ್ಳಾರಿಯ ಧರ್ಮಪ್ರಾಂತ್ಯದೊಳಗಿದೆ.

ಈಗ ಆಚರಣೆಯ ತೊಡಕುಗಳಿಗೆ ಬರೋಣ. ಯುರೋಪಿನಲ್ಲಿ ಈ ಕಾಲವು ಕತ್ತಲೆಯ ಕಾಲ. ಹಿಮ ಬೀಳುವುದು, ಹೊಲದಲ್ಲಿ ಕೆಲಸವಿಲ್ಲ, ಕಾಯುವುದು ಸುಲಭ. ನಮ್ಮಲ್ಲಿ ಹಾಗಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಕಡೆ ಅದು ನೆಲ್ಲಿನ ಸುಗ್ಗಿ; ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ನೆಲದೊಳಗಿನ ತೇವದಿಂದಲೇ ಎದ್ದುನಿಲ್ಲುವ ಹೊತ್ತು. ಆಕಾಶವು ಧರ್ಮವನ್ನು ಸುರಿಸಲಿ, ಭೂಮಿಯು ಬಾಯ್ದೆರೆಯಲಿ ಎಂಬ ಭಾವದ ಪ್ರವಾದಿ ಯೆಶಾಯನ ಪ್ರಾರ್ಥನೆಯನ್ನು ಈ ಕಾಲದಲ್ಲಿ ಹಾಡುವರು. ಬಾಯ್ದೆರೆದ ಎರೆನೆಲವನ್ನು ಕಂಡ ದೇವದುರ್ಗದ ರೈತನಿಗೆ ಅದನ್ನು ಯಾರೂ ವ್ಯಾಖ್ಯಾನಿಸಬೇಕಾಗಿಲ್ಲ. ಆ ಪ್ರಾರ್ಥನೆಯಿಂದಲೇ ಹೆಸರು ಪಡೆದ ಪೂಜೆಯೊಂದನ್ನು ಜರ್ಮನಿ, ಪೋಲೆಂಡ್ ಮೊದಲಾದ ದೇಶಗಳಲ್ಲಿ ಸೂರ್ಯೋದಯಕ್ಕೆ ಮುಂಚೆ ಮೇಣದಬತ್ತಿಯ ಬೆಳಕಿನಲ್ಲಿ ನಡೆಸುವರು. ಡಿಸೆಂಬರ್ ೧೬ರ ಸುಮಾರಿಗೆ ಧನುರ್ಮಾಸವು ಮೊದಲಾಗಿ, ಅರುಣೋದಯದಲ್ಲಿಯೇ ಪೂಜೆ ಮುಗಿಸಿ ಹುಗ್ಗಿಯ ನೈವೇದ್ಯ ಮಾಡುವ ನಮಗೆ ಈ ಹೊತ್ತು ಹೊಸದಲ್ಲ. ಒಂದರಿಂದ ಇನ್ನೊಂದು ಹುಟ್ಟಿತೆಂದು ಯಾರೂ ಭಾವಿಸಬಾರದು. ಹಗಲು ಕಿರಿದಾಗಿ ರಾತ್ರಿ ಬೆಳೆಯುವಾಗ ಮನುಷ್ಯನು ಬೆಳಕಿಗಿಂತ ಮುಂಚೆ ಏಳಬಯಸುವನು. ಇಷ್ಟೇ ಸಾಮ್ಯಕ್ಕೆ ಕಾರಣ.

ಡಿಸೆಂಬರ್ ೧೭ರಿಂದ ೨೩ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ಏಳು ಸಂಬೋಧನೆಗಳುಂಟು. ಎಂಟನೆಯ ಶತಮಾನದ ಹೊತ್ತಿಗೆ ಇವು ಬಳಕೆಯಲ್ಲಿದ್ದುವು. ಪ್ರಜ್ಞೆ, ಪ್ರಭು, ಜೆಸ್ಸೆಯ ಬೇರು, ದಾವೀದನ ಬೀಗದಕೈ, ಉದಯ, ಜನಾಂಗಗಳ ಅರಸು, ಇಮ್ಮಾನುವೇಲ್ ಎಂದು ದಿನಕ್ಕೊಂದು ಹೆಸರಿನಿಂದ ಬರಬೇಕಾದವನನ್ನು ಕರೆಯುವರು. ಲ್ಯಾಟಿನಿನಲ್ಲಿ ಈ ಏಳು ಹೆಸರುಗಳ ಮೊದಲಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಓದಿದರೆ 'ಏರೋ ಕ್ರಾಸ್', ಎಂದರೆ 'ನಾಳೆ ಇರುವೆನು' ಎಂದಾಗುತ್ತದೆ. ದಾಸರು ಪದದ ಕೊನೆಯಲ್ಲಿ ಅಂಕಿತವನ್ನಿಡುವರು. ಇಲ್ಲಿ ಕರೆಸಿಕೊಂಡವನ ಉತ್ತರವೇ ಕರೆದವನ ಮಾತಿನೊಳಗೆ ಹಿಮ್ಮುಖವಾಗಿ ಹುದುಗಿದೆ. ಬುದ್ಧಿಪೂರ್ವಕವೋ ಕಾಕತಾಳೀಯವೋ ಎಂಬುದರಲ್ಲಿ ವಿವಾದವಿದ್ದರೂ ಚಿತ್ರಬಂಧಗಳನ್ನು ಓದಿದ ನಮಗೆ ಇದು ಹಿತವಾಗುವುದು. 'ಉದಯ'ದ ಸಂಬೋಧನೆಯು ೨೧ರಂದು ಬರುತ್ತದೆ. ನಿಜವಾದ ಉತ್ತರಾಯಣವು ಆ ದಿನವೋ ಅದರ ಮರುದಿನವೋ ಆಗುವುದು. ನಮ್ಮ ಸಂಕ್ರಾಂತಿಯು ಅಯನಾಂಶದ ಕಾರಣದಿಂದ ಮೂರು ವಾರಕ್ಕಿಂತ ಹೆಚ್ಚು ದೂರ ಸರಿದಿದೆಯೆಂಬುದು ಜ್ಯೋತಿಷಿಗಳಿಗೆ ತಿಳಿದ ವಿಷಯ.

ನಾಲ್ಕು ಬತ್ತಿಗಳನ್ನು ಹಸುರು ಚಕ್ರದಲ್ಲಿ ನಿಲ್ಲಿಸಿ ವಾರಕ್ಕೊಂದರಂತೆ ಹಚ್ಚುವುದು ಈಗ ಎಲ್ಲೆಲ್ಲಿಯೂ ಕಾಣುತ್ತದೆ. ಇದು ಪ್ರಾಚೀನವೆಂದು ನನ್ನ ಶಿಷ್ಯರು ತಿಳಿದಿದ್ದರು. ಅಲ್ಲ, ೧೮೩೯ರಲ್ಲಿ ಹ್ಯಾಂಬರ್ಗಿನ ವಿಕೆರ್ನ್ ಎಂಬ ಲೂಥರ್ ಪಂಥದ ಉಪದೇಶಕನು ತಾನು ಸಾಕುತ್ತಿದ್ದ ಬಡಮಕ್ಕಳು 'ಹಬ್ಬ ಎಂದು' ಎಂದು ಪೀಡಿಸುತ್ತಿದ್ದುದರಿಂದ ಬಂಡಿಯ ಗಾಲಿಯೊಂದರ ಮೇಲೆ ಬತ್ತಿಗಳನ್ನಿಟ್ಟು ದಿನವೆಣಿಸಲು ಕಲಿಸಿದನು. ಕ್ಯಾಥೋಲಿಕರು ಅದನ್ನು ತೆಗೆದುಕೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಗಾಲಿಯೆಂದೊಡನೆ ಶಿಷ್ಯರ ಮುಖವರಳಿತು; ಅವರ ಮನೆಯ ಹಿತ್ತಲಲ್ಲಿ ಹಳೆಯ ಬಂಡಿಯದೊಂದು ಬಿದ್ದಿದೆಯಂತೆ.

ಎಲ್ಲಕ್ಕಿಂತ ಬಿಡಿಸಲು ಕಷ್ಟವಾದುದು ಎಳ್ಳಮಾವಾಸ್ಯೆಯ ಗಂಟು. ೨೦೨೫ರಲ್ಲಿ ಅದು ಡಿಸೆಂಬರ್ ೧೯, ಶುಕ್ರವಾರ ಬಂದಿತು. ಆಗಮನಕಾಲದ ಒಳಗೆ, ಬೇರಿನ ಸಂಬೋಧನೆಯ ದಿನ. ಆ ದಿನ ನಮ್ಮ ಕಡೆಯ ಕುಟುಂಬಗಳೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುವು. ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳನ್ನು ನೆಂಟರಿಷ್ಟರೊಡನೆ ಕೂತು ಉಣ್ಣುವುವು. ಶಿಷ್ಯರ ಅಣ್ಣಂದಿರು ದೇವದುರ್ಗದ ಕಡೆ ಹೊಲ ಮಾಡಿಕೊಂಡಿರುವರು. ಹೋಗದಿದ್ದರೆ ನಂಟು ಹರಿಯುವುದು, ಹೋದರೆ ಚರಗದ ಕೈ ತನ್ನದೂ ಆಗಬೇಕಾಗುವುದು. ಶುಕ್ರವಾರ ಮಾಂಸವರ್ಜನೆಯ ನಿಯಮವೇನೋ ಆ ಬುತ್ತಿಯಿಂದ ಕೆಡುವಂತಿರಲಿಲ್ಲ. ಆದರೆ ಊಟ ಬೇರೆ, ಅರ್ಪಣೆ ಬೇರೆ. ಇಂಥ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರ ಮೇಲೆಯೇ ದಕ್ಷ್ಣಿಣ ಭಾರತದ ಜೆಸ್ಯೂಟರಿಗೂ ಇತರರಿಗೂ ನೂರು ವರ್ಷಕ್ಕೆ ಮೀರಿದ ವಾದ ನಡೆದು, ೧೭೪೪ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರ ಆಜ್ಞೆಯಿಂದ ನಿಂತಿತು. ಹದಿನೇಳನೆಯ ಶತಮಾನದ ನಡುವೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ತೊಡಗಿದ ಚಿನ್ನಾಮಿಯೂ ಕನ್ನಡ ಕಲಿತು ಕನ್ನಡದಲ್ಲಿ ಗ್ರಂಥಗಳನ್ನು ಬರೆದವನು. ಆದ್ದರಿಂದ ಶಿಷ್ಯರ ಗಂಟು ಹೊಸದಲ್ಲ. ಅದನ್ನು ಬಿಚ್ಚುವ ಯೋಗ್ಯತೆ ನನಗಿಲ್ಲ. ಅವರ ಗುರುಗಳನ್ನೇ ಕೇಳಬೇಕೆಂದು ಹೇಳಿದೆನು.

ಪುಷ್ಯಮಾಸದಲ್ಲಿ ಅವರು ಮತ್ತೆ ಬಂದಿದ್ದರು. ಹೊಲಕ್ಕೆ ಹೋಗಿದ್ದರಂತೆ. ಅಣ್ಣಂದಿರು ಚರಗ ಚೆಲ್ಲಿ ಬರುವವರೆಗೆ ತಾವು ಬದುವಿನ ಮೇಲೆ ಕುಳಿತು ಕಾಯ್ದು, ಆಮೇಲೆ ಎಲ್ಲರೊಡನೆ ಉಂಡರಂತೆ. ಅಣ್ಣನ ಹೆಂಡತಿ ಮೊದಲ ರೊಟ್ಟಿಯನ್ನು ತಂದು ಅವರ ಕೈಗೇ ಕೊಟ್ಟಳಂತೆ. ಈಸ್ಟರಿಗೆ ಇನ್ನೆಷ್ಟು ದಿನವೆಂದು ಪಂಚಾಂಗವನ್ನು ತೆಗೆಯಿಸಿ ನನ್ನಿಂದಲೇ ಎಣಿಸಿಕೊಂಡು ಹೋದರು.